ಕಾಸಾಯಿ ಶಸ್ತ್ರಚಿಕಿತ್ಸೆಯ ನಂತರದ ಬಾಲ್ಯ: ತೆಂಗಿನ ಸೀಮೆಯಿಂದ ಕೆಲವು ಪ್ರಶ್ನೆಗಳು

ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೇಸಿಯಾ ಕಾಯಿಲೆಯ ಹಸುಗೂಸಿಗೆ ಕರುಳನ್ನೇ ಯಕೃತ್ತಿಗೆ ಜೋಡಿಸಿ ಪಿತ್ತರಸಕ್ಕೆ ದಾರಿ ಮಾಡಿಕೊಡುವ ವಿಧಾನವನ್ನು ಜಪಾನಿನ ಮೋರಿಯೋ ಕಾಸಾಯಿ 1950ರ ದಶಕದಲ್ಲಿ ರೂಪಿಸಿದರು. ಅದರಿಂದ ಕಾಯಿಲೆ ಮುಗಿಯುವುದಿಲ್ಲ. ಬಹಳ ಮಕ್ಕಳಿಗೆ ಮುಂದೆ ಯಕೃತ್ ಕಸಿ ಬೇಕಾಗುತ್ತದೆ. ಅಲ್ಲಿಯವರೆಗಿನ ಬಾಲ್ಯ ಹೇಗಿರುತ್ತದೆ ಎಂಬುದು ಆಪರೇಷನ್ ಕೊಠಡಿಯಷ್ಟೇ ಊರನ್ನೂ ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ಜೀವನದ ಗುಣಮಟ್ಟ ಅಳೆಯುವ ಪೆಡ್ಸ್‌ಕ್ಯೂಎಲ್ ಪ್ರಶ್ನಾವಳಿಯಲ್ಲಿ ದೇಹ, ಮನಸ್ಸು, ಒಡನಾಟ, ಶಾಲೆ ಕುರಿತ 23 ಪ್ರಶ್ನೆಗಳಿವೆ. 2013ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವೊಂದರಲ್ಲಿ, ಸ್ವಂತ ಯಕೃತ್ತಿನಲ್ಲೇ ಬದುಕುತ್ತಿದ್ದ ಮಕ್ಕಳ ಅಂಕಗಳು ಆರೋಗ್ಯವಂತ ಮಕ್ಕಳಿಗಿಂತ ಕಡಿಮೆಯಿದ್ದು, ಕಸಿಯಾದವರ ಮಟ್ಟದಲ್ಲೇ ಇದ್ದವು. ಯಕೃತ್ತಿನ ಕಾಯಿಲೆಯಿಂದ ಗುಲ್ಮ ದಪ್ಪಗಾದ ಹುಡುಗನಿಗೆ ಹೊಟ್ಟೆಗೆ ಪೆಟ್ಟು ಬೀಳುವ ಆಟ ಕೂಡದು. ಕಬಡ್ಡಿಯೇ ಮುಖ್ಯ ಆಟವಾದ ಹಳ್ಳಿ ಶಾಲೆಯಲ್ಲಿ ಅವನ ಒಡನಾಟಕ್ಕೆ ಬೀಳುವ ಹೊಡೆತ ಅಂಕದಲ್ಲಿ ಪೂರ್ತಿ ಕಾಣುವುದಿಲ್ಲ.

ಊಟದ ವಿಷಯದಲ್ಲಿ ತೆಂಗಿನ ಸೀಮೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೆ ವಿಶೇಷ ಎಚ್ಚರ ಬೇಕು. ಪಿತ್ತರಸ ಸಾಲದ ಮಗುವಿಗೆ ವೈದ್ಯರು ಬರೆದುಕೊಡುವ ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬಿನ) ಎಣ್ಣೆಯ ಒಂದು ಮೂಲ ತೆಂಗು. ಹಾಗೆಂದು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯನ್ನು ಗಾಣಕ್ಕೆ ಹಾಕಿ ತೆಗೆದ ಎಣ್ಣೆ ಅದಕ್ಕೆ ಬದಲಿಯಾಗದು. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಬಹುಪಾಲು ಉದ್ದ ಸರಪಳಿಯ ಕೊಬ್ಬಿನಂತೆಯೇ ದುಗ್ಧರಸದ ಮೂಲಕ ಸಾಗುತ್ತದೆ. ಪಿತ್ತರಸ ಕಡಿಮೆಯಿದ್ದರೂ ಸುಲಭವಾಗಿ ಹೀರಿಕೆಯಾಗುವ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳು ಎರಡೂ ಸೇರಿ ಶೇ 15ರ ಆಸುಪಾಸು ಮಾತ್ರ. ಎಂಸಿಟಿ ಎಣ್ಣೆಯೊಂದೇ ಸಾಲದು ಕೂಡ: ಅಗತ್ಯ ಕೊಬ್ಬಿನಾಮ್ಲಗಳನ್ನೂ ಎ, ಡಿ, ಇ, ಕೆ ಜೀವಸತ್ವಗಳನ್ನೂ ಬೇರೆಯಾಗಿ ಕೊಡಬೇಕು. ಮನೆಯ ತೋಟದ ಎಣ್ಣೆಯ ಮೇಲಿನ ನಂಬಿಕೆ ಸಹಜ. ಅದನ್ನು ಜರೆಯದೆ ಈ ವ್ಯತ್ಯಾಸವನ್ನು ತಾಯಿಗೆ ಬಿಡಿಸಿ ಹೇಳುವುದು ಚಿಕಿತ್ಸೆಯ ಭಾಗವೇ.

ಎಲ್ಲಕ್ಕಿಂತ ಅಪಾಯ ಜ್ವರದಲ್ಲಿದೆ. ಕಾಸಾಯಿ ಆದ ಮಗುವಿಗೆ ಜ್ವರ ಬಂದರೆ ಅದು ಪಿತ್ತನಾಳಗಳ ಸೋಂಕಾಗಿರಬಹುದು. ಪ್ರತಿ ಸೋಂಕೂ ಯಕೃತ್ತನ್ನು ಇನ್ನಷ್ಟು ಕೆಡಿಸುತ್ತದೆ. ಬೆಂಗಳೂರು ತಿಪಟೂರಿನಿಂದ ಸುಮಾರು 140 ಕಿ.ಮೀ. ಬೆಳಗಿನ ಬಸ್ಸಿಗೆ ಕಾಯುವ ಆ ರಾತ್ರಿಯೇ ದುಬಾರಿ.

ಇನ್ನು ಕಾಯಿಲೆಯನ್ನು ಬೇಗ ಗುರುತಿಸುವ ಮಾತು: ಶಸ್ತ್ರಚಿಕಿತ್ಸೆ ಮಗು ಹುಟ್ಟಿದ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು. ಆಶಾ ಕಾರ್ಯಕರ್ತೆ 14, 21, 28, 42ನೇ ದಿನಗಳಲ್ಲಿ ಬಾಣಂತಿಯ ಮನೆಗೆ ಹೇಗೂ ಹೋಗುತ್ತಾರೆ. ಕಾಮಾಲೆ ಇಳಿದಿಲ್ಲವೇ, ಮಲ ಸುಣ್ಣದಂತೆ ಬೆಳ್ಳಗಿದೆಯೇ ಎಂದು ಅಲ್ಲೇ ಮಗುವಿನ ಬಟ್ಟೆ ನೋಡಿ ಕೇಳಬಹುದು. ತೈವಾನ್ 2004ರಿಂದ ಮಗುವಿನ ಮಲದ ಬಣ್ಣವನ್ನು ಹೋಲಿಸಿ ನೋಡುವ ಚೀಟಿಯನ್ನು ದೇಶದಾದ್ಯಂತ ಬಳಸುತ್ತಿದೆ. ಆಪರೇಷನ್ ಆದ ಮಗುವಿನ ಮನೆಯಲ್ಲಿ ಇನ್ನೊಂದು ಚೀಟಿಯೂ ಇರಲಿ: ಯಾವ ಆಪರೇಷನ್ ಆಗಿದೆ, ಜ್ವರ ಬಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಆ್ಯಂಟಿಬಯೋಟಿಕ್ ತಕ್ಷಣ ಶುರುಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಶಸ್ತ್ರವೈದ್ಯರು ಕನ್ನಡದಲ್ಲಿ ಬರೆದು ಸಹಿ ಮಾಡಿದ್ದು.