ಒಡೆತನದ ಸರಪಳಿ

1970ರಲ್ಲಿ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಸಂಶೋಧನಾಲಯದ ಎಡ್ಗರ್ ಕಾಡ್ ಮಹಾಶಯರು, ಬೃಹತ್ತಾದ ದತ್ತಾಂಶ ಭಂಡಾರಗಳನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ವ್ಯವಸ್ಥೆಗೊಳಿಸಬಹುದೆಂದು ಪ್ರತಿಪಾದಿಸಿದ ತರುವಾಯ, ಆ ಕೋಷ್ಟಕಗಳನ್ನು ಓದಲು ಯಾರು ಅರ್ಹರು, ತಿದ್ದಲು ಯಾರು ಅರ್ಹರು ಎಂಬ ಪ್ರಶ್ನೆ ಹುಟ್ಟಿಕೊಂಡದ್ದು ಸಹಜವೇ. ಅದೇ ಸಂಶೋಧನಾಲಯದ ಸಿಸ್ಟಂ ಆರ್ ಯೋಜನೆಗಾಗಿ ಗ್ರಿಫಿತ್ಸ್ ಮತ್ತು ವೇಡ್ ಎಂಬ ಇಬ್ಬರು ವಿದ್ವಾಂಸರು 1976ರಲ್ಲಿ ಇದಕ್ಕೊಂದು ವಿಧಾನವನ್ನು ಪ್ರಕಟಿಸಿದರು. ಕೋಷ್ಟಕವನ್ನು ಸೃಷ್ಟಿಸಿದವನೇ ಅದರ ಒಡೆಯನು. ಅವನು ಗ್ರಾಂಟ್ ಎಂಬ ಆಜ್ಞೆಯಿಂದ ಅನ್ಯರಿಗೆ ಅನುಮತಿಯನ್ನು ನೀಡಬಲ್ಲನು, ರಿವೋಕ್ ಎಂಬುದರಿಂದ ಹಿಂತೆಗೆದುಕೊಳ್ಳಬಲ್ಲನು. ಹಾಗೆ ಹಿಂತೆಗೆದುಕೊಂಡಾಗ, ಪಡೆದವನು ಮತ್ತೊಬ್ಬನಿಗೆ ಹಂಚಿದ್ದ ಅನುಮತಿಯೂ ತಾನಾಗಿ ರದ್ದಾಗುವುದು.

1987ರಲ್ಲಿ ಸೈಬೇಸ್ ಸಂಸ್ಥೆಯಿಂದ ಹೊರಬಂದು, 1989ರಲ್ಲಿ ಮೈಕ್ರೋಸಾಫ್ಟಿನ ಸಹಯೋಗದಿಂದ ಓಎಸ್/2 ಯಂತ್ರಗಳನ್ನು ಸೇರಿದ ಎಸ್‌ಕ್ಯೂಎಲ್ ಸರ್ವರಿನಲ್ಲಿ ಈ ತತ್ತ್ವಕ್ಕೆ ಒಂದು ಹೊಸ ತಿರುವು ಒದಗಿತು. ಇಲ್ಲಿ ಸರ್ವರಿನಲ್ಲೇ ಶೇಖರಿಸಿಟ್ಟ ಆಜ್ಞಾಸಮೂಹವಾದ ಸ್ಟೋರ್ಡ್ ಪ್ರೊಸೀಜರಿಗೂ ಅದು ಮುಟ್ಟುವ ಕೋಷ್ಟಕಕ್ಕೂ, ಅರ್ಥಾತ್ ಟೇಬಲಿಗೂ, ಒಡೆಯನೊಬ್ಬನೇ ಆಗಿದ್ದ ಪಕ್ಷದಲ್ಲಿ, ಪ್ರೊಸೀಜರನ್ನು ನಡೆಸುವ ಅನುಮತಿಯೊಂದಿದ್ದರೆ ಸಾಕು, ಟೇಬಲಿನ ಅನುಮತಿಯನ್ನು ಸರ್ವರ್ ಪರೀಕ್ಷಿಸುವುದೇ ಇಲ್ಲ. ಒಬ್ಬ ಯಜಮಾನನ ಎರಡು ಕೋಣೆಗಳ ನಡುವೆ ಕಾವಲೇಕೆ ಎಂಬಂತೆ. ಇದೇ ಒಡೆತನದ ಸರಪಳಿ. ಒಂದೇ ಡೇಟಾಬೇಸಿನೊಳಗೆ ಇದು ನಿಜವಾಗಿಯೂ ಉಪಕಾರಿ.

ಆದರೆ ಒಂದು ಸರ್ವರಿನಲ್ಲಿ ಅನೇಕ ಡೇಟಾಬೇಸುಗಳಿರುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ಎಸ್‌ಎ ಎಂಬ, ಇಡೀ ಸರ್ವರಿನ ಅಧಿಕಾರವುಳ್ಳ ಏಕೈಕ ಲಾಗಿನ್ನಿನ ಒಡೆತನದಲ್ಲಿರುವುದು ವಾಡಿಕೆ. ಇಂತಿರುವಾಗ ಸರಪಳಿಯು ಡೇಟಾಬೇಸಿನ ಎಲ್ಲೆಯನ್ನು ದಾಟಿದರೆ ಒದಗುವ ಪರಿಣಾಮ ಸ್ಪಷ್ಟ: ಒಂದರಲ್ಲಿ ಪೂರ್ಣಾಧಿಕಾರವುಳ್ಳವನು, ಇನ್ನೊಂದರಲ್ಲಿ ಕೇವಲ ಪ್ರವೇಶವನ್ನು ಪಡೆದಿದ್ದರೂ, ಡೇಟಾಬೇಸಿನೊಳಗೆ ಅದರ ಒಡೆಯನನ್ನು ಸೂಚಿಸುವ ಡಿಬಿಒ ಹೆಸರಿನಲ್ಲಿ ಒಂದು ಪ್ರೊಸೀಜರನ್ನು ರಚಿಸಿ ಅಲ್ಲಿನ ಟೇಬಲುಗಳನ್ನು ಓದಿಬಿಡಬಲ್ಲನು. 2003ರ ಜನವರಿಯಲ್ಲಿ, ಎಸ್‌ಕ್ಯೂಎಲ್ ಸರ್ವರ್ 2000ರ ಮೂರನೆಯ ಸರ್ವಿಸ್ ಪ್ಯಾಕಿನೊಡನೆ, ಈ ದಾಟುವಿಕೆಯನ್ನು ಇಷ್ಟವಿದ್ದರೆ ಮಾತ್ರ ತೆರೆಯುವ ಆಯ್ಕೆ ಬಂದಿತು.

2005ರ ಆವೃತ್ತಿಯು ಸ್ಕೀಮಾವನ್ನು ಬಳಕೆದಾರನಿಂದ ಬೇರ್ಪಡಿಸಿತಲ್ಲದೆ, ಎಲ್ಲೆ ದಾಟುವ ಅನುಮತಿಗಾಗಿ ಪ್ರೊಸೀಜರಿಗೆ ಸರ್ಟಿಫಿಕೇಟಿನ ಸಹಿ ಹಾಕುವ ಸೌಕರ್ಯವನ್ನೂ, ಇಡೀ ಡೇಟಾಬೇಸನ್ನೇ ವಿಶ್ವಾಸಾರ್ಹವೆಂದು ಸರ್ವರಿಗೆ ಸಾರುವ ಟ್ರಸ್ಟ್‌ವರ್ದಿ ಎಂಬ ಸ್ವಿಚ್ಚನ್ನೂ ಒಟ್ಟಿಗೆ ತಂದಿತು. ಸಹಿಯ ಮಾರ್ಗ ಶ್ರಮಸಾಧ್ಯ, ಸ್ವಿಚ್ಚು ಒಂದೇ ಸಾಲಿನ ಆಜ್ಞೆ. ಜನ ಯಾವುದನ್ನು ಹಿಡಿದರೆಂದು ಹೇಳಬೇಕಾಗಿಲ್ಲ.

ಇಂದಿಗೂ ಅನುಮತಿಯಿಲ್ಲವೆಂಬ ದೂರು ಬಂದಾಗ ಅನೇಕರು ಕೊಡುವ ಪ್ರಥಮ ಚಿಕಿತ್ಸೆಯೆಂದರೆ ಇನ್ನಷ್ಟು ಅನುಮತಿ. ದೋಷಸಂಖ್ಯೆ 916 ಬಂದರೆ ಪ್ರೊಸೀಜರನ್ನು ನಡೆಸಿದ ಲಾಗಿನ್ನಿಗೆ ಎರಡನೆಯ ಡೇಟಾಬೇಸಿನೊಳಕ್ಕೆ ಪ್ರವೇಶವೇ ದೊರೆಯಲಿಲ್ಲವೆಂದು ತಿಳಿಯತಕ್ಕದ್ದು. 229 ಬಂದರೆ ಪ್ರವೇಶ ದೊರೆತೂ ಸರಪಳಿ ಎಲ್ಲಿಯೋ ತುಂಡಾಗಿರಬಹುದು, ಏಕೆಂದರೆ ಒಡೆಯರು ಬೇರೆಯಾದರೂ, ಪ್ರೊಸೀಜರಿನೊಳಗೆ, ನಡೆಯುವ ಹೊತ್ತಿನಲ್ಲಿ ಹೆಣೆಯುವ ಡೈನಮಿಕ್ ಎಸ್‌ಕ್ಯೂಎಲ್ ಬಳಸಿದ್ದರೂ ಅದು ಮುಂದುವರಿಯದು. ಬ್ಯಾಕಪ್ಪನ್ನು ಮತ್ತೊಂದು ಸರ್ವರಿನಲ್ಲಿ ರಿಸ್ಟೋರ್ ಮಾಡಿದಾಗಲಂತೂ ಗೋಜಲು ಹೆಚ್ಚು: ಡೇಟಾಬೇಸಿನ ಹೊರಗೆ, ಸರ್ವರಿನಲ್ಲಿ ದಾಖಲಾಗುವ ಒಡೆಯ ರಿಸ್ಟೋರ್ ಮಾಡಿದವನು, ಒಳಗಿನ ಡಿಬಿಒ ಮಾತ್ರ ಹಳೆಯ ಸರ್ವರಿನ ಗುರುತನ್ನೇ ಹೊತ್ತಿರುತ್ತಾನೆ. ಆಲ್ಟರ್ ಆಥರೈಸೇಷನ್ ಎಂಬ ಆಜ್ಞೆಯಿಂದ ಒಡೆಯನನ್ನು ಮರಳಿ ನಿಯಮಿಸಿದರೆ ಈ ಗೋಜಲು ಬಗೆಹರಿಯುವುದು.

ಎಸ್‌ಎ ಒಡೆತನದ ಡೇಟಾಬೇಸಿನಲ್ಲಿ ಟ್ರಸ್ಟ್‌ವರ್ದಿಯನ್ನು ತೆರೆದಿಟ್ಟರೆ, ಅದರ ಡಿಬಿ-ಓನರ್ ಎಂಬ ಪಾತ್ರಕ್ಕೆ ಸೇರಿದ ಯಾವನಾದರೂ ಇಡೀ ಸರ್ವರಿನ ಅಧಿಪತಿಯಾಗಬಲ್ಲನು. ಸರ್ಟಿಫಿಕೇಟಿನ ಮಾರ್ಗವೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ಅದಕ್ಕೆ ವ್ಯವಧಾನವಿಲ್ಲದವರು ಆ ಸ್ವಿಚ್ಚನ್ನು ಮುಟ್ಟುವ ಮುನ್ನ ಡೇಟಾಬೇಸಿನ ಒಡೆಯ ಯಾರೆಂಬುದನ್ನಾದರೂ ಒಮ್ಮೆ ನೋಡಬೇಕಾಗಿ ವಿನಂತಿ.