ಚಾರ್‌ಮಿನಾರಿನ ಸರ

ಕುಷ್ಟಗಿಯ ಪತ್ತಾರರೊಬ್ಬರ ಅಂಗಡಿಯಲ್ಲಿ ಮೊನ್ನೆ ನಾನು ಕುಳಿತಿದ್ದಾಗ, ತಾಂಡಾದ ಮುದುಕಿಯೊಬ್ಬಳು ಬೆಳ್ಳಿಯ ರೂಪಾಯಿ ಸರವನ್ನು ಮಾರಲು ತಂದಳು. ನಾಣ್ಯ ನಾಣ್ಯಕ್ಕೂ ಕೊಂಡಿ ಬೆಸೆದಿತ್ತು. ಕೆಲವುಗಳ ಮೇಲೆ ಐದನೆಯ ಜಾರ್ಜ್ ದೊರೆಯ ಮುಖ, ಉಳಿದವುಗಳ ಮೇಲೆ ಚಾರ್‌ಮಿನಾರು.

ಕೊಪ್ಪಳ, ಯಲಬುರ್ಗಾ, ಗಂಗಾವತಿಗಳೊಡನೆ ಈ ಸೀಮೆಯೂ 1948ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿತ್ತು. ಹೀಗಾಗಿ ಇಲ್ಲಿ ಇಂಗ್ಲಿಷರ ಕಲ್ದಾರವೂ ನಡೆಯಿತು, ನಿಜಾಮರ ಹಾಲಿ ಸಿಕ್ಕಾ ರೂಪಾಯಿಯೂ ನಡೆಯಿತು. ಆರು ಕಲ್ದಾರಕ್ಕೆ ಏಳು ಹಾಲಿ ಎಂಬ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. ಜಾರ್ಜ್ ದೊರೆಯ ಆ ಕಲ್ದಾರದಲ್ಲಿ ಸಾವಿರಕ್ಕೆ 917 ಪಾಲು ಬೆಳ್ಳಿ. ಹಾಲಿಯಲ್ಲಿ 818, ತೂಕವೂ ತುಸು ಕಡಮೆ. 1940ರಲ್ಲಿ ಕಲ್ದಾರದ ಬೆಳ್ಳಿಯೂ ಅರ್ಧಕ್ಕಿಳಿಯಿತು.

ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ಊರೂರು ತಿರುಗಿದ ಲಂಬಾಣಿಗರಿಗೆ ಕೊರಳೇ ಪೆಟ್ಟಿಗೆ. ಅಮೆರಿಕದ ನವಾಹೊ ಅಕ್ಕಸಾಲಿಗರೂ ಹತ್ತೊಂಬತ್ತನೆಯ ಶತಮಾನದಲ್ಲಿ ಡಾಲರು, ಮೆಕ್ಸಿಕೋದ ಪೆಸೊಗಳಿಂದಲೇ ಒಡವೆ ಮಾಡಿದರು; ಆದರೆ ಬಹುಮಟ್ಟಿಗೆ ಕರಗಿಸಿ. ನಮ್ಮ ಸರದಲ್ಲಿ ಇಸವಿಗಳು ಹಾಗೆಯೇ ಉಳಿದಿವೆ. ಓದಬಲ್ಲವರಿಗೆ ಅದೊಂದು ಶಾಸನ!

ತಕ್ಕಡಿಗೆ ಓದು ಬಾರದು.

“ಮುಖ ಇದ್ದವು ಬ್ಯಾರೆ ತೂಗ್ರಿ, ಅದರಾಗ ಬೆಳ್ಳಿ ಹೆಚ್ಚೈತಿ,” ಎಂದಳು ಮುದುಕಿ. ನಾನು ಪುಸ್ತಕದಿಂದ ಕಲಿತದ್ದು ಅವಳಿಗೆ ಮೊದಲೇ ಗೊತ್ತು.

“ಎಲ್ಲಾ ಒಂದ ಮೂಸಿಗೆ ಹೋಗೂದು ಯವ್ವಾ,” ಎಂದರು ಪತ್ತಾರರು.

ಅವಳು ಚಾರ್‌ಮಿನಾರಿನದೊಂದನ್ನು ಬಿಡಿಸಿಕೊಂಡು, “ಇದು ನಮ್ಮವ್ವಂದು,” ಎಂದು ಓಢಣಿಯ ಅಂಚಿಗೆ ಗಂಟು ಹಾಕಿಕೊಂಡಳು.