ಪೂರ್ವಾಪರ ಕ್ರಮಗಳ ಎಣಿಕೆ

‘ಇದಾದ ಮೇಲೇ ಅದು’ ಎಂಬ ಕಟ್ಟುಪಾಡಿರುವ ಕೆಲಸಗಳನ್ನು ಒಂದಾದ ಮೇಲೊಂದರಂತೆ ಎಷ್ಟು ಬಗೆಯಲ್ಲಿ ಮುಗಿಸಬಹುದು ಎಂದು ಲೆಕ್ಕ ಹಾಕುವುದು ಕ್ರಮಯೋಜನೆ ಗಣಿತದ ಒಂದು ಕವಲು.

ಚಿತ್ರಾನ್ನವನ್ನೇ ನೋಡಿ. ಅಕ್ಕಿ ತೊಳೆಯುವುದು, ಅನ್ನ ಮಾಡುವುದು, ಈರುಳ್ಳಿ ಹೆಚ್ಚುವುದು, ಒಗ್ಗರಣೆ ಹಾಕುವುದು, ಕಲಸುವುದು ಎಂದು ಐದು ಕೆಲಸ. ಕಟ್ಟುಪಾಡೇ ಇಲ್ಲದಿದ್ದರೆ 120 ಕ್ರಮಗಳು. ಆದರೆ ತೊಳೆಯದೆ ಅನ್ನವಿಲ್ಲ, ಹೆಚ್ಚದೆ ಒಗ್ಗರಣೆಯಿಲ್ಲ, ಕಲಸುವುದು ಕೊನೆಗೇ. ಹೀಗೆ ಸೋಸಿದರೆ ಉಳಿಯುವುದು 6.

ಈ ಆರು ಹಳೆಯ ಪರಿಚಯದ್ದೇ. 1150ರಲ್ಲಿ ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ 2, 2, 1, 1 ಅಂಕಿಗಳಿಂದ ಎಷ್ಟು ಸಂಖ್ಯೆಗಳಾಗುತ್ತವೆ ಎಂದು ಕೇಳಿದ್ದ. ನಾಲ್ಕು ಅಂಕಿಗಳ 24 ಜೋಡಣೆಗಳನ್ನು, ಎರಡೂ ಅಂಕಿಗಳು ಎರಡೆರಡು ಸಲ ಬರುವುದರಿಂದ, ಎರಡು ಸಲ 2ರಿಂದ ಭಾಗಿಸಿದರೆ 6. ಅಕ್ಕಿಯ ಎರಡು ಕೆಲಸಕ್ಕೆ 2, ಈರುಳ್ಳಿಯ ಎರಡಕ್ಕೆ 1 ಎಂದು ಗುರುತು ಹಾಕಿದರೆ ಎರಡೂ ಒಂದೇ ಲೆಕ್ಕ: ಮೊದಲು ಬರುವ 2 ಯಾವಾಗಲೂ ತೊಳೆಯುವುದು, ನಂತರದ್ದು ಬೇಯಿಸುವುದು. ನಾಲ್ಕು ಸರದಿಗಳಲ್ಲಿ ಅಕ್ಕಿಗೆ ಎರಡನ್ನು ಆರಿಸುವುದೂ ಇದೇ. ಇಂಥ ಆಯ್ಕೆಯ ಸಾಮಾನ್ಯ ಸೂತ್ರವನ್ನು ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದ.

ಕಟ್ಟುಪಾಡುಗಳು ಒಂದಕ್ಕೊಂದು ಹೆಣೆದುಕೊಂಡಾಗ ಭಾಗಾಕಾರ ಕೈಕೊಡುತ್ತದೆ. ‘ಒಗ್ಗರಣೆಗೆ ಮುನ್ನ ಅಕ್ಕಿ ತೊಳೆದಿರಬೇಕು’ ಎಂಬ ಇನ್ನೊಂದು ನಿಯಮ ಸೇರಿಸಿದರೆ ಆರರಲ್ಲಿ ಒಂದು ಬಿದ್ದು 5 ಉಳಿಯುತ್ತದೆ. ಮೊದಲ ನಾಲ್ಕು ಕೆಲಸಗಳ 24 ಕ್ರಮಗಳನ್ನು ಯಾವ ಪೂರ್ಣಾಂಕದಿಂದ ಭಾಗಿಸಿದರೂ 5 ಬರುವುದಿಲ್ಲ.

ಕಟ್ಟುಪಾಡುಗಳು ಒಂದಕ್ಕೊಂದು ವಿರುದ್ಧವಾಗಿಲ್ಲದಿದ್ದರೆ ಕನಿಷ್ಠ ಒಂದು ಕ್ರಮವಾದರೂ ಇದ್ದೇ ಇರುತ್ತದೆ. ಅನಂತ ಗಣಗಳಿಗೂ ಇದು ಸಲ್ಲುತ್ತದೆಂಬ ಸಾಧನೆಯನ್ನು 1930ರಲ್ಲಿ ಪೋಲೆಂಡಿನ ಎಡ್ವರ್ಡ್ ಸ್ಪಿಲ್ರಾಯ್ನ್ ಪ್ರಕಟಿಸಿದ. 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ‘ಪರ್ಟ್’ ವಿಧಾನ ರೂಪಿಸಿದಾಗ ಕೆಲಸಗಳ ಹಿಂದುಮುಂದು ಗಣಿತಜ್ಞರ ಕೋಣೆಯಿಂದ ಕಚೇರಿಗೆ ಬಂತು. ಹೀಗೆ ಒಂದಕ್ಕೊಂದು ಕಾಯುವ ಕೆಲಸಗಳ ಜಾಲದಲ್ಲಿ ಸರಿಯಾದ ಒಂದು ಕ್ರಮವನ್ನು ಕಂಪ್ಯೂಟರಿನಿಂದ ಬೇಗ ಹುಡುಕುವ ವಿಧಾನವನ್ನು ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ: ಯಾವುದಕ್ಕೂ ಕಾಯಬೇಕಿಲ್ಲದ ಕೆಲಸವನ್ನು ತೆಗೆ, ಅದನ್ನು ಪಟ್ಟಿಯಿಂದ ಅಳಿಸು, ಮತ್ತೆ ಹುಡುಕು.

ಒಂದು ಕ್ರಮ ಸಿಗುವುದು ಸುಲಭ. ಎಲ್ಲವನ್ನೂ ಎಣಿಸುವುದು ಹಾಗಲ್ಲ. ಈ ಎಣಿಕೆ ಅತಿ ಕಠಿಣ ಎಣಿಕೆ ಸಮಸ್ಯೆಗಳ ಗುಂಪಿಗೆ ಸೇರಿದ್ದೆಂದು ಗ್ರಹಾಂ ಬ್ರೈಟ್‌ವೆಲ್ ಮತ್ತು ಪೀಟರ್ ವಿಂಕ್ಲರ್ 1991ರಲ್ಲಿ ತೋರಿಸಿದರು. ಹಾಗಾಗಿ ದೊಡ್ಡ ಜಾಲಗಳಲ್ಲಿ ಯಾದೃಚ್ಛಿಕವಾಗಿ ಕ್ರಮಗಳ ಮಾದರಿ ತೆಗೆದು ಅಂದಾಜು ಸಂಖ್ಯೆ ಪಡೆಯುವ ವಿಧಾನಗಳು ಬಳಕೆಯಲ್ಲಿವೆ.